ನೆಲ ಗುಡುಗುವ ಊರಿನಲ್ಲಿ

ಚಿಂಚೋಳಿ ತಾಲ್ಲೂಕಿನ ಈ ಹಳ್ಳಿಗೆ ಪಶುವೈದ್ಯೆಯಾಗಿ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಜೋಳದ ರೊಟ್ಟಿ ಮುರಿಯುತ್ತಿದ್ದಾಗ, ನಾನು ಕುಳಿತ ನೆಲದಡಿಯಿಂದ ಗುಡುಗು ಕೇಳಿಸಿತು. ಹೊರಗೆ ಒಂದು ಮೋಡವೂ ಇರಲಿಲ್ಲ. ಗೂಡಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಮನೆಯೊಡತಿ ಮಹಾದೇವಮ್ಮ ನನ್ನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದರು. ಸ್ವಲ್ಪ ಹೊತ್ತು ನಿಂತು, “ಆಯ್ತು, ಬರ್ರಿ, ರೊಟ್ಟಿ ಆರ್ತದ” ಎಂದು ಒಳಗೆ ಕರೆದರು.

ನಾನು ಕೊಳ್ಳೇಗಾಲದವಳು. ನಮ್ಮ ಕಡೆ ನೆಲದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಇಲ್ಲಿ ಕಂಡಕಂಡವರನ್ನೆಲ್ಲ ಕೇಳತೊಡಗಿದೆ. ಉಪಕರಣ ಹಿಡಿದು ಬಂದಿದ್ದ ಅಧಿಕಾರಿಗಳು, ಕೆಳಗೆ ಸುಣ್ಣದಕಲ್ಲಿನ ಪದರಗಳಿವೆ, ಮಳೆನೀರು ಇಳಿದಾಗ ಒಳಗಿನ ಟೊಳ್ಳು ಕದಲುತ್ತದೆ ಎಂದರಂತೆ. ಅಜ್ಜಿಯೊಬ್ಬಳು, “ಭೂಮ್ತಾಯಿ ಮಗ್ಗಲು ಬದಲಿಸ್ಲಿಕತ್ತಾಳ” ಎಂದಳು. ಊರವರಿಗೆ ನನ್ನಿಂದ ತಿಳಿಯಬೇಕಾದದ್ದು ಬೇರೆ. “ದನಕ್ಕ ಮೊದ್ಲೇ ತಿಳೀತದಂತ. ಖರೇನ್ರಿ ಡಾಕ್ಟರಬಾಯಿ?” ನಾನೂ ಕುತೂಹಲದಿಂದ ಗಮನಿಸಿದೆ. ಆಡುಗಳು ಸದ್ದು ಕೇಳಿ ನನ್ನ ಜೊತೆಗೇ ತಲೆ ಎತ್ತುತ್ತಿದ್ದವು. ಎಮ್ಮೆಗಳು ಮೆಲುಕು ಹಾಕುವುದನ್ನೂ ನಿಲ್ಲಿಸುತ್ತಿರಲಿಲ್ಲ.

ಇಲ್ಲಿನ ಉಳ್ಳವರ ಮನೆಗಳಲ್ಲಿ ಗೋಡೆ, ನೆಲ, ಸೂರು ಎಲ್ಲವೂ ಕಲ್ಲು. ಸೂರಿನ ಚಪ್ಪಡಿಗೆ ಫರ್ಸಿ ಎನ್ನುತ್ತಾರೆ. ಶಹಾಬಾದ್ ಕಡೆಯಿಂದ ಬರುವ ನುಣುಪಾದ ಕಲ್ಲು. ಬೇಸಿಗೆಯಲ್ಲಿ ಅದರ ತಂಪು ಹಿತ. ನೆಲ ನಡುಗಿದಾಗ ಮಾತ್ರ ಅದರ ಭಾರ ನೆನಪಾಗುತ್ತದೆ. ಊರಾಚೆ, ಬೌದ್ಧರಾದ ದಲಿತರ ಓಣಿಯಲ್ಲಿ ತಗಡಿನ ಮನೆಗಳಿವೆ. ತೊಗರಿ ಹೊಲಕ್ಕೆ ಕೂಲಿಗೆ ಹೋಗುವ ಸುಜಾತಾ ಅಲ್ಲಿಯವಳು. ಅವಳ ಆಡುಗಳಿಗೆ ಮದ್ದು ಕೊಡಲು ಹೋದಾಗಲೆಲ್ಲ ಚಹಾ ಕುಡಿಯುತ್ತಿದ್ದೆ. ಅದು ತಿಳಿದ ದಿನ ಮಹಾದೇವಮ್ಮ, ನಾನು ಒಳಗೆ ಬರುವ ಮೊದಲೇ, ಕಾಲು ತೊಳೆಯಲು ನೀರನ್ನು ಬಾಗಿಲ ಹೊರಗೇ ತಂದಿಟ್ಟರು.

ಮಳೆಗಾಲದಲ್ಲಿ ಅವರ ಮಗಳು ಭಾಗ್ಯ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸಿಗೆ ಹದಿನೈದು ದಿನ ತುಂಬಿತ್ತು. ಒಂದು ಮಧ್ಯಾಹ್ನ ನೆಲ ಹಿಂದೆಂದಿಗಿಂತ ಜೋರಾಗಿ ಗುಡುಗಿ, ನಡುಮನೆಯ ಸೂರಿನ ಒಂದು ಫರ್ಸಿ ಸೀಳಿತು. ಅದರ ಮೇಲಿನ ಮಣ್ಣು ಕೂಸಿನ ಹಾಸಿಗೆಗೆ ಉದುರಿತು. ಭಾಗ್ಯ ಕೂಸನ್ನು ಎದೆಗವಚಿಕೊಂಡು ಹೊರಗೋಡಿದಳು. ನಾವೆಲ್ಲ ಊರ ಮುಂದಿನ ಬಯಲಿಗೆ ಬಂದೆವು. ಇಡೀ ಊರೇ ಅಲ್ಲಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು.

ಕಲ್ಲಿನ ಮನೆಗೆ ಮರಳಲು ಯಾರಿಗೂ ಧೈರ್ಯವಿರಲಿಲ್ಲ. ಮಹಾದೇವಮ್ಮ ಸೆರಗನ್ನು ಮಗಳ ತಲೆಯ ಮೇಲೆ ಹಿಡಿದು ನಿಂತಿದ್ದರು. ಅದರಿಂದಲೂ ನೀರು ಸೋರುತ್ತಿತ್ತು. ಆಗ ಸುಜಾತಾ ಬಂದಳು.

“ಅವ್ವಾರ, ನಮ್ಮ ಮನಿಗಿ ಬರ್ರಿ. ತಗಡು ಅದ, ಬಿದ್ರೂ ಜೀವ ಹೋಗಂಗಿಲ್ಲ.”

ಮಹಾದೇವಮ್ಮ ಸುತ್ತಲಿನವರ ಮುಖ ನೋಡಿದರು. ನನ್ನಂಥ ಹೊರಗಿನವಳು ಇಂಥ ಕಡೆ ಏನು ಹೇಳಬೇಕು?

“ಯವ್ವಾ, ಕೂಸು ತಣ್ಣಗಾಗ್ಲಿಕತ್ತದ” ಎಂದು ಭಾಗ್ಯ ತಾಯಿಯ ಅಪ್ಪಣೆಗೆ ಕಾಯದೆ ನಡೆದೇಬಿಟ್ಟಳು. ಮಹಾದೇವಮ್ಮ ಹತ್ತು ಹೆಜ್ಜೆ ಹಿಂದಿನಿಂದ ಹೋದರು, ನಾನೂ ಹೋದೆ.

ಸುಜಾತಾ ಒಲೆ ಹೊತ್ತಿಸಿ, ತನ್ನ ಒಣ ಸೀರೆಯೊಂದನ್ನು ಹರಿದು ಕೂಸಿಗೆ ಸುತ್ತಿದಳು. ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು. ಮಹಾದೇವಮ್ಮ ಹೊಸ್ತಿಲ ಬಳಿಯೇ ನಿಂತಿದ್ದರು. “ಕುಂದ್ರಿ ಅವ್ವಾರ” ಎಂದು ಸುಜಾತಾ ಎರಡು ಸಲ ಹೇಳಿದ ಮೇಲೆ ಕುಳಿತರು. ಚಹಾ ಕೊಟ್ಟಾಗ ಲೋಟವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದರು. ಕೂಸಿನ ತುಟಿಗೆ ಬಣ್ಣ ಮರಳಿ ಅದು ಅಳಲು ಶುರುಮಾಡಿದಾಗ, ಆ ಚಹಾ ಕುಡಿದರು. ಆ ಓಣಿಯಲ್ಲಿ ಅವರು ಮೂರು ದಿನ ಇದ್ದರು.

ಆಮೇಲೆ ಸುಜಾತಾಳನ್ನು ಕೇಳಿದೆ, “ಯಾಕೆ ಕರೆದೆ?”

“ಕೂಸು ತೊಯ್ಲಿಕತ್ತಿತ್ತಲ್ರಿ” ಎಂದಳು. ನನ್ನ ಪ್ರಶ್ನೆಯೇ ಅವಳಿಗೆ ವಿಚಿತ್ರವೆನಿಸಿದಂತಿತ್ತು.

ಎಲ್ಲವೂ ಬದಲಾಯಿತೆಂದರೆ ಸುಳ್ಳಾಗುತ್ತದೆ. ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಮಹಾದೇವಮ್ಮ ಸುಜಾತಾಳನ್ನು ಕರೆದರು, ನಡುಮನೆಯಲ್ಲಿ ಕೂರಿಸಿ ಉಡಿ ತುಂಬಿದರು. ಅಡುಗೆಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ಸುಜಾತಾ ಅದನ್ನು ನೋಡಿದಳು, ನಾನೂ ನೋಡಿದೆ.

ಈ ವರ್ಷ ನನಗೆ ನಮ್ಮ ಕಡೆಗೆ ವರ್ಗಾವಣೆ ಕೇಳುವ ಅವಕಾಶವಿದೆ. ಹೇಳಿದಾಗ ಮಹಾದೇವಮ್ಮ, “ಹೋಗು ಮಗಳ, ಅಲ್ಲಿ ನೆಲ ಸುಮ್ನ ಇರ್ತದ” ಎಂದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ರಜೆಗೆಂದು ಕೊಳ್ಳೇಗಾಲಕ್ಕೆ ಹೋದೆ. ಅಮ್ಮ ಮುದ್ದೆ, ಉಪ್ಸಾರು ಬಡಿಸಿದಳು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ಬೀದಿಯ ಕೊನೆಗೆ ಕಾಣುವ ದಲಿತರ ಮನೆಗಳನ್ನು ತೋರಿಸಿ ಕೇಳಿದೆ, “ಆ ಮನೆಗಳೊಳಕ್ಕೆ ನೀನು ಯಾವತ್ತಾದ್ರೂ ಹೋಗಿದ್ದೀಯಾ?”

ಅಮ್ಮ ಅತ್ತ ತಿರುಗಿ ನೋಡಿದಳು. “ಇಲ್ಲ ಕಣವ್ವ. ಹೋಗೋ ಅಂಥದ್ದು ಏನೂ ಆಗ್ಲಿಲ್ವಲ್ಲ.”

ವರ್ಗಾವಣೆಗೆಂದು ಬರೆದ ಅರ್ಜಿ ಇನ್ನೂ ನನ್ನ ಚೀಲದಲ್ಲೇ ಇದೆ.