ಹಾಯಿದೋಣಿಯ ಮಬ್ಬು ಬಿಡಿಸುವ ಬದರುನ್ನಿಸಾ

ಖಾನಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಬದರುನ್ನಿಸಾ ಆಗಲೇ ತಮ್ಮ ಸಣ್ಣ ಅಂಗಡಿ ತೆರೆದು, ಅಂಗೈಯಗಲದ ಮೀಟರೊಂದನ್ನು ಬೆಳಕಿಗೆ ಹಿಡಿದಿದ್ದಾರೆ. ಹಾಯಿದೋಣಿಯ ಎಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಮೀಟರದು. ಗಾಜಿನ ಒಳಮೈಗೆಲ್ಲ ನೀರ ಹನಿ, ಮುಳ್ಳು ಕಾಣುತ್ತಿಲ್ಲ. ತೆಳ್ಳನೆಯ ಅಲಗಿನಿಂದ ಅಂಚನ್ನು ಸುತ್ತಲೂ ಎಬ್ಬಿಸಿ ಗಾಜು ತೆಗೆಯುತ್ತಾರೆ, ಉಸಿರು ಬಿಗಿಹಿಡಿದೇ. "ಬಾಯಿಂದ ಊದಿದ್ರ ಮತ್ತ ಹಸಿ ಆಕ್ಕೈತ್ರಿ," ಎನ್ನುತ್ತಾರೆ, ಗಾಜು ಬದಿಗಿಟ್ಟ ಮೇಲೆ.

ಮೊದಲು ಇದು ಪತಿ ಸರದಾರಸಾಬರ ಕೆಲಸ. ಲಾರಿ, ಬಸ್ಸು, ಟ್ರ್ಯಾಕ್ಟರಿನ ಮೀಟರುಗಳು. ಒಂಬತ್ತು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಬೆಳಗಾವಿಯ ನೆಹರು ನಗರದ ಆಸ್ಪತ್ರೆಗೆ ವರ್ಷವಿಡೀ ಓಡಾಡಿದರೂ ಉಳಿದದ್ದು ಬೆಳಕು, ನೆರಳು ಅಷ್ಟೇ. ಗಂಡ ಹೇಳುತ್ತ ಹೋದರು, ಬದರುನ್ನಿಸಾ ಮಾಡುತ್ತ ಹೋದರು. "ಮೊದಲನೇ ತಿಂಗಳದಾಗ ಹನ್ನೊಂದು ಮುಳ್ಳ ಮುರದೀನ್ರಿ. ಒಂದ ಮಾತ ಅನ್ನಲಿಲ್ಲ ಅವರು." ಈಗ ದಿನಕ್ಕೆ ನಾಲ್ಕೈದು ಮೀಟರು, ಮಳೆಗಾಲದಲ್ಲಿ ಹತ್ತು.

ಮೊದಲ ದೋಣಿ ಮೀಟರು ತಂದವರು ಪಾರಿಶ್ವಾಡದ ಮೈಲಾರಲಿಂಗ. ಗೋವಾದಲ್ಲಿ ಪ್ರವಾಸಿಗರ ಹಾಯಿದೋಣಿ ನಡೆಸುವ ಅವರು ಹೋದ ದೀಪಾವಳಿಗೆ ಊರಿಗೆ ಬಂದಿದ್ದರು. ಬದರುನ್ನಿಸಾ ಅದನ್ನು ಒಣಗಿಸಿ, ಸುತ್ತಲೂ ಅಂಟು ಹಚ್ಚಿ ಭದ್ರ ಮಾಡಿ ಕೊಟ್ಟರು. ಹದಿನೈದು ದಿನಕ್ಕೆ ಫೋನ್ ಬಂತು. ಗಾಜು ಮತ್ತೆ ಮಬ್ಬಾಗಿ, ಎಂಜಿನ್ ಕಾದದ್ದು ಗೊತ್ತಾಗದೆ, ಹನ್ನೆರಡು ಜನರಿದ್ದ ದೋಣಿ ಬಂಡೆಗಳ ಹತ್ತಿರ ನಿಂತುಬಿಟ್ಟಿತ್ತು. ಹಾಯಿ ಬಿಚ್ಚೋಣವೆಂದರೆ ಗಾಳಿಯೂ ಬಿದ್ದಿತ್ತು. ಮೀನುಗಾರರು ಎಳೆದು ತಂದು ಉಳಿಸಿದರಂತೆ.

"ಎರಡ ದಿನ ಊಟ ಸೇರಲಿಲ್ರಿ. ತಪ್ಪ ನಂದು."

ಮೂರನೆಯ ದಿನ ಗಂಡನನ್ನೂ ಕರೆದುಕೊಂಡು ಗೋವಾ ಬಸ್ಸು ಹತ್ತಿದರು. ದೋಣಿಯಲ್ಲಿ ಮೀಟರಿನ ಹಿಂಬದಿಗೆ ಮೊದಲು ಕೈ ತೂರಿಸಿದವರು ಸರದಾರಸಾಬರೇ. "'ಇಲ್ಲಿ ಕೈ ಇಟ್ಟ ನೋಡು' ಅಂದ್ರು. ಎಂಜಿನ್ನಿನ ಬಿಸಿ ಹಸಿಗಾಳಿ ಸೀದಾ ಅಲ್ಲಿಗೇ ಬಂದು, ವೈರಿನ ಸಂದ್ಯಾಗಿಂದ ಮೀಟರಿನ ಒಳಗ ಹೋಗಾಕತ್ತಿತ್ತು. ಮುಂದ ಗಾಜಿಗೆ ಸಮುದ್ರದ ತಂಪು. ನೀರ ಕೂಡದ ಏನ ಮಾಡ್ತೈತಿ? ಆ ಹಸಿ ಹೊರಗ ಹೋಗೂ ತೂತನ್ನ ನಾನ ಅಂಟ ಹಚ್ಚಿ ಮುಚ್ಚಿದ್ದೆ."

ಅಂದೇ ವೈರಿನ ಸಂದಿಗೆ ರಬ್ಬರು ತುಂಬಿ, ಬಿಸಿಗಾಳಿ ತಡೆಯಲು ಹಿಂದೆ ಹಲಗೆ ಹೊಡೆಸಿ, ಮೀಟರಿನ ಕೆಳಗೆ ಮುಚ್ಚಿಹೋಗಿದ್ದ ಸೂಜಿಮೊನೆಯಷ್ಟು ತೂತು ಬಿಡಿಸಿದರು. ಆ ಮೀಟರು ಇಡೀ ಮಳೆಗಾಲ ದಾಟಿದೆ. ಈಗ ಆ ದಂಡೆಯ ಬೇರೆ ದೋಣಿಗಳ ಮೀಟರುಗಳೂ ಬಸ್ಸಿನಲ್ಲಿ ಖಾನಾಪುರಕ್ಕೆ ಬರುತ್ತವೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಬದರುನ್ನಿಸಾ ಗಂಡನ ಕಡೆ ನೋಡುತ್ತಾರೆ.

"ಅವತ್ತ ದೋಣಿ ಕಟ್ಟಿಹಾಕಿ, ಹಾಯಿ ಸುತ್ತಿಟ್ಟಿದ್ರು. ಅದನ್ನ ಬಿಚ್ಚಿದಾಗ ಒಮ್ಮಿ ಇವರನ್ನ ಕರಕೊಂಡ ಹೋಗಬೇಕ್ರಿ. ಅಷ್ಟ ದೊಡ್ಡದು, ಬೆಳ್ಳಗಿಂದು, ಇವರಿಗೂ ಕಾಣತೈತಿ."