‘ಹೊರಗ ಹೋಗ್ಯಾರ್ರಿ’ ಎಂದು ಬರೆದವನು

ಅವನ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ಕೀಬೋರ್ಡಿನ ಮೇಲೆ ಓಡಾಡುವಾಗ ಅದೊಂದು ಮಾತ್ರ ನೆಟ್ಟಗೆ ನಿಂತು, ಏನೋ ಕೇಳುವುದಿದೆ ಎಂದು ಮಾಸ್ತರರಿಗೆ ಸನ್ನೆ ಮಾಡಿದ ಹಾಗೆ ಕಾಣುತ್ತಿತ್ತು. ಕೇಳುತ್ತಲೂ ಇದ್ದ. ಒಂದು ಪುಟ ಮುಗಿಯುವುದರೊಳಗೆ ಹತ್ತು ಪ್ರಶ್ನೆ. ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ನಮ್ಮ ಶಹರದ ಶಹಾಬಜಾರದ ಒಂದು ಓಣಿಯಲ್ಲಿ ಅವನ ಟೈಪಿಂಗ್ ಅಂಗಡಿ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಎರಡು ಪ್ಲಾಸ್ಟಿಕ್ ಕುರ್ಚಿ. ಲಗ್ನಪತ್ರಿಕೆ, ಬಾಡಿಗೆ ಕರಾರು, ಕಚೇರಿಗೆ ಕೊಡುವ ಅರ್ಜಿ, ಇಷ್ಟೇ ಅವನ ಕೆಲಸ. ದಿನಾ ಬೆಳಿಗ್ಗೆ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಸಂಜೆ ವಾಪಸ್ ಹೋಗುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನು ನನಗೆ ಕಾಕಾ ಅನ್ನುತ್ತಿದ್ದ, ನಾನು ಅವನಿಗೆ ತಮ್ಮಾ ಅನ್ನುತ್ತಿದ್ದೆ.

ನಾನು ಹತ್ತನೇ ಇಯತ್ತೆ ಪಾಸಾದವನು. ಕಪನೂರಿನ ಬೇಳೆ ಮಿಲ್ಲೊಂದರ ಗೇಟಿನಲ್ಲಿ ಲಾರಿ ನಂಬರ್ ಬರೆದುಕೊಳ್ಳುತ್ತ ಮೂವತ್ತು ವರ್ಷ ಕಳೆದೆ. ಕೆಲಸ ಬಿಟ್ಟ ಮೇಲೆ ಕತೆ ಬರೆಯುವ ಹುಚ್ಚು ಹತ್ತಿತು. ಯಾವ ಪ್ರಕಾಶಕರೂ ಉತ್ತರ ಕೊಡಲಿಲ್ಲ, ನಾನೇ ಅಚ್ಚು ಹಾಕಿಸಲು ಹೊರಟೆ. ನನ್ನ ಅಕ್ಷರ ಯಾರಿಗೂ ತಿಳಿಯುವಂಥದ್ದಲ್ಲ. ಆದ್ದರಿಂದ ನಾನು ಓದುವುದು, ಅವನು ಕೇಳಿ ಟೈಪ್ ಮಾಡುವುದು ಎಂದು ಗೊತ್ತು ಮಾಡಿಕೊಂಡೆವು.

ಪೀಡೆ ಶುರುವಾದದ್ದೇ ಅಲ್ಲಿಂದ. ನಾನು ‘ಹೋಗಿದ್ದಾರೆ’ ಎಂದು ಓದಿದರೆ ಪರದೆಯ ಮೇಲೆ ‘ಹೋಗ್ಯಾರ’ ಎಂದು ಬರುತ್ತಿತ್ತು. ‘ಬರುತ್ತಿದ್ದಾನೆ’ ಎಂದರೆ ‘ಬರ್ಲಾಕತ್ತಾನ’.

“ತಮ್ಮಾ, ನಾ ಓದಿದ್ದು ಟೈಪ್ ಮಾಡು. ನಿಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ಕೇಳಿದ್ದಲ್ಲ.”

“ಕಾಕಾ, ಈ ಹೆಣ್ಮಗಳು ಯಾವ ಊರಾಕಿ?”

“ಕಮಲಾಪುರ ಕಡಿಯಾಕಿ ಅಂತ ಮೊದಲನೇ ಸಾಲಿನ್ಯಾಗ ಬರದೀನಲ್ಲ!”

“ಮತ್ತ ರೇಡಿಯೋದಾಗ ವಾರ್ತಾ ಓದಿದಂಗ ಯಾಕ ಮಾತಾಡ್ತಾಳ್ರಿ?”

ಒಂದು ವಾಕ್ಯ ಅವನಿಗೆ ಸೇರದಿದ್ದರೆ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಎರಡೂ ಕೈ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಪರದೆ ನೋಡುತ್ತ ಕೂತುಬಿಡುತ್ತಿದ್ದ. ನಾನು ರೇಗಿದರೂ ಕೈ ಮೇಲೇಳುತ್ತಿರಲಿಲ್ಲ.

ಒಂದು ಕತೆಯಲ್ಲಿ ಗಂಡ ಸತ್ತ ಹೆಂಗಸಿನ ಮನೆಗೆ, ಸುದ್ದಿ ತಿಳಿಯದ ಹಳೇ ಗೆಳೆಯನೊಬ್ಬ ಬಂದು ಬಾಗಿಲಲ್ಲಿ ನಿಂತು ಕೇಳುತ್ತಾನೆ, “ಇದ್ದಾರೇನ್ರಿ?” ನಾನು ಬರೆದದ್ದು ಹೀಗೆ: ‘ಅವರು ಇಹಲೋಕ ತ್ಯಜಿಸಿ ತಿಂಗಳಾಯಿತು ಎಂದು ಆಕೆ ಗದ್ಗದಿತಳಾಗಿ ನುಡಿದಳು.’ ಅದನ್ನು ಬರೆದು ನಾನೇ ಕಣ್ಣೊರೆಸಿಕೊಂಡಿದ್ದೆ. ಅವನ ಕೈಗಳು ತೊಡೆಯ ಮೇಲೆ ಹೋದವು.

“ಈಗೇನಾತೋ?”

“ಆಕಿಗೆ ಅಷ್ಟ ಲಗೂ ಬಾಯಿಗೆ ಬರ್ತದೇನ್ರಿ ಆ ಮಾತು?”

ನನಗೆ ಹಸಿವಾಗಿತ್ತು. “ಏನರೇ ಮಾಡ್ಕೋ ಹೋಗು” ಅಂದೆ. ಅವನು ಟೈಪ್ ಮಾಡಿದ: ‘ಹೊರಗ ಹೋಗ್ಯಾರ್ರಿ. ಕುಂದರ್ರಿ, ಚಾ ಇಡ್ತೀನಿ.’ ಅಷ್ಟೇ. ಕಣ್ಣೀರಿಲ್ಲ, ಗದ್ಗದವಿಲ್ಲ. ಇದೇನು ಹುಡುಗಾಟ ಎಂದು ಕೇಳಿದರೆ, “ಅಪ್ಪ ಸತ್ತಾಗ ನಮ್ಮವ್ವ ಹಿಂಗ ಅಂದಿದ್ಳು ಕಾಕಾ” ಅಂದ. ಸತ್ತವರ ಸುದ್ದಿ ತೆಗೆದ ಮೇಲೆ ಜಗಳ ಆಡುವುದು ಹೇಗೆ? ಬಿಟ್ಟೆ.

ಪುಸ್ತಕ ಬಂತು. ಓದಿದ ಹತ್ತು ಜನರಲ್ಲಿ ಎಂಟು ಜನ ಆ ಒಂದು ಸಾಲನ್ನೇ ಹಿಡಿದುಕೊಂಡರು. ಆಗಲೇ ಈ ಆನ್‌ಲೈನ್ ಸಂವಾದಗಳ ಗಾಳಿ ಬೀಸತೊಡಗಿತ್ತು. ಸ್ವಂತ ಖರ್ಚಿನಲ್ಲಿ ಪುಸ್ತಕ ತಂದ ನಮ್ಮಂಥವರು ಭಾನುವಾರ ಬೆಳಿಗ್ಗೆ ಪರದೆಯ ಮೇಲೆ ಚೌಕ ಚೌಕವಾಗಿ ಕೂತು ಬರೆಯುವ ಗುಟ್ಟು ಹೇಳುವುದು. ಒಬ್ಬರ ಮುಖದ ಬದಲು ಅವರ ಫ್ಯಾನು ಕಾಣುತ್ತಿತ್ತು. ಇನ್ನೊಬ್ಬರು ಪಾತ್ರಗಳು ತಮ್ಮ ಕನಸಿನಲ್ಲಿ ಬಂದು ಬೈಯುತ್ತವೆ ಎನ್ನುತ್ತಿದ್ದರು. ಮಗದೊಬ್ಬರ ಹಿಂದೆ ಕುಕ್ಕರ್ ಕೂಗುತ್ತಿತ್ತು. ಅದು ಮುಗಿಯುವವರೆಗೆ ಅವರು ಕಾವ್ಯದಲ್ಲಿ ಮೌನದ ಮಹತ್ವ ವಿವರಿಸುತ್ತಿದ್ದರು. ನಗುವುದು ಸುಲಭ. ಆದರೆ ಕರೆ ಬಂದಾಗ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಓಡಿದೆ.

ಆ ಲಿಂಕು ಒತ್ತಿ ಒಳಗೆ ಹೋಗುವುದು ನನಗೆ ತಿಳಿಯದು. ಅವನು ರಜೆಯ ದಿನ ನನ್ನೊಬ್ಬನಿಗಾಗಿ ಕಮಲಾಪುರದಿಂದ ಬಂದು ಅಂಗಡಿ ತೆರೆದು ತನ್ನ ಕಂಪ್ಯೂಟರ್ ಮುಂದೆ ಕೂರಿಸಿದ. ಕ್ಯಾಮೆರಾಕ್ಕೆ ಕಾಣದ ಹಾಗೆ ಪಕ್ಕದ ಕುರ್ಚಿಯಲ್ಲಿ ತಾನು ಕೂತ.

ಅಂದಿನ ವಿಷಯ ‘ಸಂಭಾಷಣೆ ಬರೆಯುವ ಕಲೆ’. ಮೈಸೂರಿನ ಲೇಖಕಿಯೊಬ್ಬರು ಕೇಳಿದರು, “ಸರ್, ಆ ಸಾಲು ನಿಮಗೆ ಹೇಗೆ ಹೊಳೆಯಿತು?”

ಆ ಮಾತಿನ ಒಡೆಯ ನನ್ನ ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದ. ಕುರ್ಚಿಯನ್ನು ಒಂದು ಗೇಣು ಸರಿಸಿದ್ದರೆ ಸಾಕಾಗಿತ್ತು. ನಾನು ಹೇಳಿದೆ, “ಆ ಒಂದು ಸಾಲಿಗಾಗಿ ಮೂರು ದಿನ ನನಗೆ ಊಟ ಸೇರಲಿಲ್ಲ. ಮೌನವನ್ನು ಮಾತಿನಲ್ಲಿ ಹಿಡಿಯುವುದೇ ನನ್ನ ಸಾಧನೆ.” ಪರದೆಯ ತುಂಬ ಚಪ್ಪಾಳೆಯ ಚಿತ್ರಗಳು ತೇಲಿದವು. ನಾನು ಓರೆಗಣ್ಣಿನಿಂದ ನೋಡಿದೆ. ಅವನ ಎರಡೂ ಕೈ ತೊಡೆಯ ಮೇಲಿದ್ದವು.

ಮುಗಿದ ಮೇಲೆ ಅವನು ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವನು ಅಂದದ್ದು, “ಕಾಕಾ, ಕ್ಯಾಮೆರಾಕ್ಕ ಭಾಳ ಹತ್ತಿರ ಕೂಡ್ತೀರಿ. ಬರೇ ಮೂಗೇ ಕಾಣ್ತದ.” ಶಟರ್ ಎಳೆದು ಬೀಗ ಹಾಕುವಾಗ ಮಾತ್ರ ಬೆನ್ನು ತಿರುಗಿಸಿಯೇ ಕೇಳಿದ, “ಮೂರು ದಿನ ಉಪಾಸ ಇದ್ರೇನ್ರಿ? ಅವತ್ತ ಹಸಿವ್ಯಾಗೇದ ಅಂತ ಮಿರ್ಚಿ ಭಜಿ ತರಿಸಿದ್ರಿ.”

ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ನೆನಪಿದೆ. ತಪ್ಪು ನನ್ನದು, ಸಿಟ್ಟು ಅವನ ಮೇಲೆ! ಮುಂದಿನ ಸಂವಾದಗಳಿಗೆ ಬೇರೆಯವರ ಕಂಪ್ಯೂಟರ್ ಹುಡುಕಿಕೊಂಡೆ. ಅಲ್ಲಿ ಮೂರು ದಿನ ಐದಾಯಿತು, ಆಮೇಲೆ ವಾರವಾಯಿತು. ಎರಡನೇ ಪುಸ್ತಕವನ್ನು ಸೂಪರ್ ಮಾರ್ಕೆಟ್ ಕಡೆಯ ಇನ್ನೊಂದು ಟೈಪಿಂಗ್ ಅಂಗಡಿಯಲ್ಲಿ ಟೈಪ್ ಮಾಡಿಸಿದೆ. ಆ ಹುಡುಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ನಾನು ಓದಿದ್ದನ್ನು ಓದಿದ ಹಾಗೇ ಬಡಿದಳು. ಆ ಪುಸ್ತಕದ ಒಂದು ಸಾಲೂ ಯಾರಿಗೂ ನೆನಪಿಲ್ಲ. ನನಗೂ ಇಲ್ಲ.

ಎರಡು ವರ್ಷ ಆ ಓಣಿಗೆ ಕಾಲಿಡಲಿಲ್ಲ. ಕೊನೆಗೊಮ್ಮೆ ಹೋದಾಗ ಶಟರಿಗೆ ಬೀಗ. ಎದುರಿನ ಚಹಾದವ ಹೇಳಿದ, “ಹೋಗಿ ಹದಿನೈದು ದಿನ ಆತ್ರಿ. ಎದಿ ಹಿಡಕೊಂಡು ಕುಂತಂವ ಏಳಲಿಲ್ಲ.”

ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ತಾಯಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ನನ್ನ ಹೆಸರು ಹೇಳಿದೆ.

“ಓಹೋ, ಕತಿ ಕಾಕಾ ನೀವೇ ಏನ್ರಿ?”

“ನನ್ನ ಬಗ್ಗೆ ಏನರೇ ಹೇಳ್ತಿದ್ದನೇನ್ರಿ ಅವ್ವ?”

“ಛಲೋ ಓದ್ತಾರ ಅಂತಿದ್ದ. ಛಲೋ ಬರೀತಾರ ಅಂದಿದ್ದು ನನಗ ನೆನಪಿಲ್ಲ.”

ಅವಳು ತಮಾಷೆಗೆ ಅಂದಳೋ ಇಲ್ಲವೋ ತಿಳಿಯಲಿಲ್ಲ. ನಾನು ತಪ್ಪೊಪ್ಪಿಕೊಳ್ಳಲು ಹೋದವನು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ನಿಮ್ಮ ಗಂಡ ತೀರಿಕೊಂಡಾಗ ನೀವು ಆಡಿದ ಮಾತನ್ನು ನಾನು ನನ್ನದೆಂದು ಊರಿಗೆಲ್ಲ ಹೇಳಿಕೊಂಡು ಬಂದೆ, ಕ್ಷಮಿಸಿರಿ ಎಂದು ಪುಸ್ತಕ ತೆಗೆದು ಆ ಸಾಲು ಓದಿ ತೋರಿಸಿದೆ.

ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. “ನಾ ಎಲ್ಲಿ ಹಂಗ ಅಂದೀನಿ? ನಾನು ಬರೇ ಅತ್ತೀನಿ. ಯಾರ ಬಂದ್ರೂ ಅತ್ತೀನಿ. ಬಾಯಾಗಿಂದ ಒಂದ ಮಾತು ಬರ್ಲಿಲ್ಲ ನನಗ.” ಮೊರ ಮತ್ತೆ ಎತ್ತಿಕೊಂಡು, “ಅದು ಅವನೇ ಬರದಾನ” ಎಂದಳು. “ನನ್ನ ಮ್ಯಾಲ ಹಾಕ್ಯಾನ, ಮಬ್ಬ.”

ಇಷ್ಟು ದಿನ ನಾನು ಕೇಳಿಸಿಕೊಂಡ ಮಾತನ್ನು ಕದ್ದೆ ಅಂದುಕೊಂಡಿದ್ದೆ. ಅದು ಬರೆದ ಮಾತು. ಆ ಓಣಿಯಲ್ಲಿ ಇದ್ದ ಲೇಖಕ ಒಬ್ಬನೇ, ಅವನು ಕೀಬೋರ್ಡಿನ ಮುಂದೆ ಕೂತಿದ್ದ. ನಾನು ಒಪ್ಪುವುದಿಲ್ಲ ಎಂದು ತಿಳಿದು ತಾಯಿಯ ಹೆಸರು ಮುಂದೆ ಮಾಡಿದ್ದ. ಎಷ್ಟು ಸಾಲುಗಳನ್ನು ಹಾಗೆ ಸೇರಿಸಿದನೋ ಈಗ ಯಾರನ್ನು ಕೇಳಲಿ?

“ಅವನ ಹೆಸರು ಪೇಪರಿನ್ಯಾಗ ಬರೀತೀನ್ರಿ” ಅಂದೆ.

“ಪೇಪರ್ ನಾಳೆ ಭಜಿ ಕಟ್ಟಲಾಕ ಹೋಗ್ತದ. ಬುಕ್ಕಿನ್ಯಾಗ ಹಾಕ್ರಿ.”

ಅದಕ್ಕೇ ಪತ್ರಿಕೆಗೆ ಬರೆದ ಈ ಬರಹದಲ್ಲಿ ಅವನ ಹೆಸರಿಲ್ಲ.

ಮುಂದಿನ ಸಂವಾದದಲ್ಲಿ ಕೇಳುವ ಮುಂಚೆಯೇ ಹೇಳಿದೆ, ಆ ಸಾಲು ನನ್ನದಲ್ಲ, ಟೈಪ್ ಮಾಡಿದವನದು, ನಾನು ಸುಳ್ಳು ಹೇಳಿದ್ದೆ ಎಂದು. ಸಂವಾದ ನಡೆಸಿಕೊಡುವವರು ಕೈ ಮುಗಿದರು. “ನೋಡಿ, ಎಂಥ ವಿನಯ! ಹಿರಿಯರಿಂದ ಕಲಿಯಬೇಕಾದದ್ದೇ ಇದು.” “ವಿನಯ ಅಲ್ರಿ ಇದು, ಕಳವು!” ಎಂದು ಕೂಗಿದೆ. ಎಲ್ಲರೂ ಮನಸಾರೆ ನಕ್ಕರು. ಮತ್ತೆ ಚಪ್ಪಾಳೆ ತೇಲಿದವು. ಆಮೇಲೆ ಮುಖಪುಟದ ಬಣ್ಣದ ಬಗ್ಗೆ ಚರ್ಚೆ ಶುರುವಾಯಿತು. ಇವರಿಗೆ ನಿಜ ಹೇಳುವುದು ಹೇಗೆ?

ಮೊದಲ ಪುಸ್ತಕದ ಪ್ರತಿಗಳು ಮನೆಯಲ್ಲಿ ಇನ್ನೂ ಮೂರು ಗಂಟು ಇದ್ದವು. ಒಂದೊಂದಾಗಿ ಬಿಚ್ಚಿ, ಆ ಪುಟ ತೆರೆದು, ಸಾಲಿನ ಕೆಳಗೆ ನೀಲಿ ಪೆನ್ನಿನಿಂದ ‘ಇದನ್ನು ಬರೆದವನು ನಾನಲ್ಲ’ ಎಂದು, ಅದರ ಮುಂದೆ ಅವನ ಹೆಸರು, ಊರು ಬರೆದೆ. ನನ್ನ ಕೆಟ್ಟ ಅಕ್ಷರದಲ್ಲಿ ಆದಷ್ಟು ದುಂಡಗೆ ಬರೆದೆ. ಹದಿನೆಂಟು ದಿನ ಹಿಡಿಯಿತು. ಪುಸ್ತಕ ಕೇಳಿದವರಿಗೆ ಈಗ ಅವನ್ನೇ ಕಳಿಸುತ್ತೇನೆ.

ಮೊನ್ನೆ ಒಬ್ಬ ಓದುಗರು ಫೋನ್ ಮಾಡಿದರು. “ಸರ್, ನೀವು ಕಳಿಸಿದ ಪುಸ್ತಕದಾಗ ಯಾರೋ ಗೀಚ್ಯಾರ. ಗೀಚಲಾರದ್ದು ಒಂದು ಕಳಿಸ್ರಿ.”

ಅಂಥದ್ದು ನನ್ನ ಹತ್ತಿರ ಒಂದೂ ಇಲ್ಲ ಎಂದೆ.