ಆ ಮಧ್ಯಾಹ್ನ ಬಿಟ್ಟ ಸಕ್ಷನ್

ಬಾಗಲಕೋಟೆಯ ಆಸ್ಪತ್ರೆಯೊಂದರ ಐಸಿಯುವಿನಲ್ಲಿ ನಾನು ನರ್ಸಾಗಿ ಸೇರಿ ಎರಡು ವರ್ಷವಾಗಿತ್ತು. ಇಳಕಲ್ಲಿನಿಂದ ಮಗ್ಗದ ಮನೆಯ ಸೊಸೆಯೊಬ್ಬಳನ್ನು ಕರೆತಂದರು. ಕಾಲಲ್ಲಿ ಶುರುವಾದ ನಿಶ್ಶಕ್ತಿ ನಾಲ್ಕೇ ದಿನದಲ್ಲಿ ಎದೆಗೇರಿ ಉಸಿರಾಡಲೂ ಆಗದಂತಾಗಿತ್ತು. ವೆಂಟಿಲೇಟರ್ ಹಾಕಿದೆವು. ಮೈ ಅಲುಗದಿದ್ದರೂ ಎಚ್ಚರ ಪೂರ್ತಿ ಇತ್ತು. ಕಣ್ಣು ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ. ಅವಳಿಗೆ ಉಳಿದಿದ್ದು ಅಷ್ಟೇ ಮಾತು.

ಕೆಮ್ಮಲಾಗದವರ ಕಫವನ್ನು ನಾವೇ ತೆಗೆಯಬೇಕು; ಅದಕ್ಕೆ ಸಕ್ಷನ್ ಎನ್ನುತ್ತೇವೆ. ಗಂಟಲಿನ ಕೊಳವೆಯೊಳಗೆ ಸಣ್ಣ ಪೈಪು ಇಳಿಸಿ ಎಳೆಯುವಾಗ ರೋಗಿಗೆ ಉಸಿರು ಕಟ್ಟಿದಂತಾಗುತ್ತದೆ. ಹತ್ತು ಎಣಿಸುವುದರೊಳಗೆ ಪೈಪು ಹೊರಗೆ ಬರಬೇಕು. ಅಷ್ಟರಲ್ಲೇ ಅವಳ ಮುಖ ಕಪ್ಪಿಟ್ಟು, ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ನಾನು ಹತ್ತಿಯಿಂದ ಒರೆಸುತ್ತಿದ್ದೆ.

ಅವಳ ಅತ್ತೆ ಬಾಗಿಲಲ್ಲೇ ಕೂತಿರುತ್ತಿದ್ದಳು. "ಸಿಸ್ಟರ್, ಅಕಿಗೆ ಭಾಳ ತ್ರಾಸ ಆಗ್ತೈತಿ. ಒಂದೀಟ ಬಿಡ್ರಿ," ಎನ್ನುವಳು.

"ಬಿಟ್ರ ಉಸಿರ ಕಟ್ತೈತಿ ಯವ್ವಾ."

ಹನ್ನೊಂದನೆಯ ದಿನ ಅವಳ ಒಂದು ಬೆರಳು ಅಲುಗಿತು. "ಇನ್ನ ಆರಾಮ ಆಗ್ತಾಳ," ಎಂದರು ಡಾಕ್ಟರು. ಅತ್ತೆ ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಳು.

ಮರುದಿನ ಮಧ್ಯಾಹ್ನ ಅವಳ ಎದೆಯಲ್ಲಿ ಗೊರಗೊರ ಕೇಳಿಸಿತು. ಪೈಪು ಎತ್ತಿಕೊಂಡೆ. ಅವಳು ಎರಡು ಸಲ ಕಣ್ಣು ಮುಚ್ಚಿದಳು. ಮತ್ತೆ ಎರಡು ಸಲ. ಬೆಳಗಿನಿಂದ ಐದಾರು ಸಲ ಪೈಪು ಹಾಕಿ ಆಗಿತ್ತು, ನನಗೂ ಸಾಕಾಗಿತ್ತು.

"ಆತು ಬಿಡ ಅಕ್ಕಾ, ಒಂದೀಟ ಮಲಕೋ," ಎಂದು ಪೈಪು ಕೆಳಗಿಟ್ಟೆ.

ಅಷ್ಟರಲ್ಲಿ ಹುನಗುಂದದ ರಸ್ತೆಯಲ್ಲಿ ಗಾಯಗೊಂಡವನನ್ನು ತಂದರು. ಅವನ ರಕ್ತ ನಿಲ್ಲಿಸುತ್ತ ಅರ್ಧ ಗಂಟೆ ಹೋಯಿತು. ಯಾವುದೋ ಯಂತ್ರ ಕೂಗುತ್ತಿತ್ತು. ತಿರುಗಿ ನೋಡಿದಾಗ ಅವಳ ತುಟಿ ನೀಲಿಯಾಗಿತ್ತು. ಓಡಿಹೋಗಿ ಪೈಪು ಹಾಕಿದೆ, ಇಳಿಯಲಿಲ್ಲ. ಕಫ ಗಟ್ಟಿಯಾಗಿ ಕೊಳವೆಯನ್ನೇ ಮುಚ್ಚಿತ್ತು. ಡಾಕ್ಟರು ಕೊಳವೆ ಬದಲಿಸುವಷ್ಟರಲ್ಲಿ ಹೃದಯ ನಿಂತಿತು. ಬಹಳ ಹೊತ್ತು ಎದೆ ಒತ್ತಿದೆವು, ಮತ್ತೆ ಬಡಿಯಲಿಲ್ಲ.

ನಾನು ಸಕ್ಷನ್ ಬಿಟ್ಟದ್ದನ್ನು ಡಾಕ್ಟರಿಗೆ ಹೇಳಿದೆ. ಅವರು ಕಾಗದದಲ್ಲಿ ಸಾವಿನ ಹೊತ್ತು ಬರೆದರು. ಆಮೇಲೆ, "ಮನಸಿಗೆ ಹಚ್ಕೋಬ್ಯಾಡ," ಎಂದರು.

ಅತ್ತೆ ಹೊರಗೆ ನನ್ನ ಎರಡೂ ಕೈ ಹಿಡಿದುಕೊಂಡಳು. "ಕಡೀ ಹೊತ್ತಿನ್ಯಾಗರ ಅಕಿಗೆ ತ್ರಾಸ ಕೊಡ್ಲಿಲ್ಲ ನೀ. ನಿನ್ನ ಹೊಟ್ಟಿ ತಣ್ಣಗಿರ್ಲಿ ತಂಗಿ."

ಖರೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲೇ ಅವಳು ಸೆರಗಿನಿಂದ ನನ್ನ ಕಣ್ಣು ಒರೆಸಿದಳು.

ಆರು ತಿಂಗಳಿಗೆ ಐಸಿಯು ಬಿಟ್ಟೆ. ಬಾದಾಮಿಯ ಸಣ್ಣ ದವಾಖಾನೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಕೆಲಸ ಸಿಕ್ಕಿತು. ಮನೆಯವರು ಸೀರೆ ತರಲು ಇಳಕಲ್ಲಿಗೆ ಹೊರಟರೆ ನಾನು ಏನಾದರೂ ನೆವ ಹೇಳಿ ಉಳಿದುಬಿಡುತ್ತೇನೆ.